ಮರದ ಬಳಿಗೆ ಹೋಗುತ್ತಿದ್ದ ಗರಗಸ

ಉರ್ದುವಿನಲ್ಲಿ ಮರ ಕುಯ್ಯುವವನಿಗೆ ಆರಾಕಶ್ ಎಂಬ ಹೆಸರಿದೆ. ಆರಾ ಎಂದರೆ ಗರಗಸ, ಕಶ್ ಎಂದರೆ ಎಳೆಯುವವನು. ದುಡಿಮೆಗಾರನನ್ನು ಮೆಹನತ್‌ಕಶ್ ಎನ್ನುತ್ತೇವಲ್ಲ, ಅದೇ ಕಶ್. ಕನ್ನಡದ ಗರಗಸ ಸಂಸ್ಕೃತದ ಕ್ರಕಚದ ತದ್ಭವವೆಂದು ಶಾಲೆಯಲ್ಲಿ ಬಾಯಿಪಾಠ ಮಾಡಿದವರು ನಾವು. ಎರಡು ಭಾಷೆಗಳೂ ಗರಗಸವನ್ನು ನೆನಪಿಟ್ಟುಕೊಂಡಿವೆ. ಅದನ್ನು ಎಳೆದವನನ್ನು ಮಾತ್ರ ಇತಿಹಾಸ ನೆನಪಿಟ್ಟುಕೊಂಡಿಲ್ಲ.

1809ರಲ್ಲಿ ಬೆಂಗಳೂರಿನಲ್ಲಿ ಬ್ರಿಟಿಷರ ದಂಡು ನೆಲೆಯೂರಿತು. ಬಂಗಲೆಗಳು ಎದ್ದವು. ಅವುಗಳ ಕಿಟಕಿಗಳ ಮೇಲೆ ಸಣ್ಣ ಸಣ್ಣ ಮರದ ಪಟ್ಟಿಗಳನ್ನು ಜೋಡಿಸಿದ ಚೂಪು ತಲೆಯ ಮಾಡಗಳನ್ನು ಜನ ಇಂದಿಗೂ ಮಂಕಿ ಟಾಪ್ ಎನ್ನುತ್ತಾರೆ. ಉಳಿದಿರುವ ನಾಲ್ಕಾರು ಬಂಗಲೆಗಳ ಮುಂದೆ ನಿಂತು ಫೋಟೋ ತೆಗೆಯುವವರಿಗೆ ಕೊರತೆಯಿಲ್ಲ. ಆದರೆ ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗೆ ಬಂದದ್ದು 1905ರಲ್ಲಿ. ಅದಕ್ಕೂ ಹಿಂದಿನ ತೊಲೆ, ಹಲಗೆ, ಪಟ್ಟಿಗಳನ್ನು ಕುಯ್ದವರು ಯಾರು ಎಂದು ಕೇಳುವವರು ಕಡಿಮೆ.

ಕುಯ್ದವರು ಇಬ್ಬರು. ದಿಮ್ಮಿಯನ್ನು ಗುಂಡಿಯ ಮೇಲೆ ಅಡ್ಡ ಮಲಗಿಸುತ್ತಿದ್ದರು, ಇಲ್ಲವೇ ಕವೆಗಂಬಕ್ಕೆ ಓರೆಯಾಗಿ ಆನಿಸುತ್ತಿದ್ದರು. ಮಸಿಯಲ್ಲೋ ಕೆಮ್ಮಣ್ಣಿನ ನೀರಿನಲ್ಲೋ ಅದ್ದಿದ ದಾರವನ್ನು ಬಿಗಿಯಾಗಿ ಹಿಡಿದು ಮೀಟಿದರೆ ದಿಮ್ಮಿಯ ಉದ್ದಕ್ಕೂ ನೇರವಾದ ಗೆರೆ ಬೀಳುತ್ತಿತ್ತು. ಒಬ್ಬ ದಿಮ್ಮಿಯ ಮೇಲೆ ನಿಂತು ಗೆರೆ ಕಾಯುತ್ತಿದ್ದ. ಇನ್ನೊಬ್ಬ ಕೆಳಗೆ ನಿಂತು ಎಳೆಯುತ್ತಿದ್ದ. ಕೆಳಗಿನವನ ಕಣ್ಣು, ಮೂಗು, ಬೆವರಿದ ಮೈಗೆಲ್ಲ ಮರದ ಹೊಟ್ಟು. ಮೇಲಿನವನ ಕೈ ತುಸು ತಪ್ಪಿದರೂ ಹಲಗೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಇಡೀ ದಿನ ಎಳೆದರೂ ಕೈಗೆ ಬರುತ್ತಿದ್ದುದು ಕೆಲವೇ ಹಲಗೆ.

ಈ ಇಬ್ಬರು ಮರವಿದ್ದಲ್ಲಿಗೇ ಹೋಗುತ್ತಿದ್ದರು. ಗರಗಸ ಹೆಗಲ ಮೇಲೆ, ಅರ ಚೀಲದೊಳಗೆ. ಘಟ್ಟದ ಕೆಳಗಿನ ಮಾಪಿಳ್ಳೆಗಳು ಹೀಗೆಯೇ ಮರದ ಕೆಲಸ ಹುಡುಕಿಕೊಂಡು ಕೊಡಗು, ಮಲೆನಾಡಿನ ತೋಟಗಳಿಗೆ ಹತ್ತಿ ಬಂದರು. ಇವತ್ತು ವಿದೇಶಿ ಕಂಪನಿಗಳು ಹೊಸದೆಂದು ಮಾರುವ ಸಂಚಾರಿ ಸಾ ಮಿಲ್ಲು ನಿಜವಾಗಿ ಇದೇ.

ಯಂತ್ರ ಬಂದ ಮೇಲೆ ಲೆಕ್ಕ ತಿರುಗಿತು. ಪಟ್ಟಿ ಗರಗಸಕ್ಕೆ, ಅಂದರೆ ಬ್ಯಾಂಡ್ ಸಾಗೆ, ಲಂಡನ್ನಿನ ವಿಲಿಯಂ ನ್ಯೂಬೆರಿ ಪೇಟೆಂಟ್ ಪಡೆದದ್ದು 1808ರಲ್ಲಿ. ಪಟ್ಟಿಯ ಬೆಸುಗೆ ಬಿಟ್ಟುಕೊಳ್ಳುತ್ತಿದ್ದುದರಿಂದ ಅದು ಬಹುಕಾಲ ಮೂಲೆ ಸೇರಿತ್ತು. 1846ರಲ್ಲಿ ಫ್ರಾನ್ಸಿನ ಆನ್ ಪೌಲಿನ್ ಕ್ರೆಪ್ಯಾಂ ಎಂಬ ಮಹಿಳೆ ಬೆಸುಗೆಯ ಉಪಾಯ ಕಂಡುಕೊಂಡ ಮೇಲೆಯೇ ಅದಕ್ಕೆ ಜೀವ ಬಂತು. ಇಂಥ ಯಂತ್ರ ಭಾರಿಯಾದುದು, ಅಲುಗಾಡದು. ಈಗ ದಿಮ್ಮಿಯೇ ಅದರ ಬಳಿಗೆ ಬರಬೇಕಾಯಿತು. ನಿಲಂಬೂರಿನ ಮರ ಚಾಲಿಯಾರ್ ಹೊಳೆಯಲ್ಲಿ ತೇಲಿ ಕಲ್ಲಾಯಿಗೆ ಬಂದು ಸೇರುತ್ತಿತ್ತು. ಅಲ್ಲಿ ಅದನ್ನು ದಡಕ್ಕೆಳೆದವರು ಮಾಪಿಳ್ಳೆ ಖಲಾಸಿಗಳು. ಬೆಂಗಳೂರಿನಲ್ಲಿ ಮೈಸೂರು ರಸ್ತೆಯ ಟಿಂಬರ್ ಯಾರ್ಡ್, ಲಾಲ್‌ಬಾಗ್ ಬಳಿಯ ಸಿದ್ದಯ್ಯ ರಸ್ತೆಗಳು ಮರದ ಪೇಟೆಗಳಾದವು. ದಂಡಿನವರಿಗೆ ಏಣಿ, ಗಳ, ಸೌದೆಗೆ ಬಂಬೂ ಬಜಾರು.

ಆಮೇಲೆ ಕಾನೂನು ಬಂತು. ಅದೂ ನಿಲಂಬೂರಿನ ದಾರಿಯಿಂದಲೇ ಬಂದದ್ದು ಚರಿತ್ರೆಯ ಒಂದು ತಮಾಷೆ. ನಿಲಂಬೂರು ಕೋವಿಲಗಂ ಮನೆತನದ ಟಿ. ಎನ್. ಗೋದವರ್ಮನ್ ತಿರುಮುಲ್ಪಾಡರು, ಹಿಂದೆ ತಮ್ಮ ಮನೆತನಕ್ಕೆ ಸೇರಿದ್ದ ಗೂಡಲೂರಿನ ಕಾಡು ನಾಶವಾಗುತ್ತಿರುವುದನ್ನು ಕಂಡು 1995ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಕೇಂದ್ರದ ಪೂರ್ವಾನುಮತಿಯಿಲ್ಲದೆ ಕಾಡಿನೊಳಗೆ ನಡೆಯುತ್ತಿರುವ ಸಾ ಮಿಲ್ಲು, ಪ್ಲೈವುಡ್ ಮಿಲ್ಲುಗಳೆಲ್ಲ ಕೂಡಲೇ ನಿಲ್ಲಬೇಕೆಂದು 1996ರ ಡಿಸೆಂಬರ್ 12ರಂದು ಆದೇಶವಾಯಿತು. ಕೇಂದ್ರ ಉನ್ನತಾಧಿಕಾರ ಸಮಿತಿಯ ಅನುಮತಿಯಿಲ್ಲದೆ ಯಾವ ರಾಜ್ಯವೂ ಹೊಸ ಸಾ ಮಿಲ್ಲಿಗೆ ಅವಕಾಶ ಕೊಡಬಾರದೆಂದು 2002ರ ಅಕ್ಟೋಬರ್ 30ರಂದು ಇನ್ನೊಂದು ಆದೇಶ. 2016ರಲ್ಲಿ ಕೇಂದ್ರ ಸರ್ಕಾರ ಹೊಸ ಮಾರ್ಗಸೂಚಿ ಹೊರಡಿಸಿ ಆ ಅಧಿಕಾರವನ್ನು ರಾಜ್ಯ ಮಟ್ಟದ ಸಮಿತಿಗಳಿಗೆ ಕೊಟ್ಟಿತು.

ಇದನ್ನು ನಾವು ದೂರುತ್ತಿಲ್ಲ. ಈ ಆದೇಶಗಳಿಲ್ಲದಿದ್ದರೆ ಪಶ್ಚಿಮ ಘಟ್ಟದಲ್ಲಿ ಉಳಿದಿರುವ ಮರಗಳೂ ಉಳಿಯುತ್ತಿರಲಿಲ್ಲ. ಆದರೆ ಈ ಕಾನೂನಿನ ಕಣ್ಣಮುಂದೆ ಇದ್ದದ್ದು ಒಂದು ಕಡೆ ನೆಲೆಯೂರಿ, ಕಾಡಿನ ದಿಮ್ಮಿಗಾಗಿ ಬಾಯಿ ತೆರೆದು ಕೂತ ಮಿಲ್ಲು. ಮಳೆಗಾಳಿಗೆ ಬಿದ್ದ ಬೀದಿಯ ಮರದ ಬಳಿಗೆ ನಡೆದು ಹೋಗುವ ಗರಗಸವನ್ನು ಅದು ಊಹಿಸಿದಂತಿಲ್ಲ.

ಅಂಥ ಗರಗಸಗಳಲ್ಲಿ ಈಗ ಮೂರು ಜಾತಿ. ಚೈನ್ ಸಾಗೆ ಒಂದು ಚೌಕಟ್ಟು ಕಟ್ಟಿ ದಿಮ್ಮಿಯ ಮೇಲೆ ಜಾರಿಸುವುದು ಮೊದಲನೆಯದು. ಅಗ್ಗ, ಒಬ್ಬನೇ ಹೊರಬಹುದು. ಎರಡನೆಯದು 1990ರ ದಶಕದಲ್ಲಿ ಆಸ್ಟ್ರೇಲಿಯಾದ ಲೂಕಸ್ ಮಿಲ್ಲಿನವರು ಹೆಸರು ಮಾಡಿದ, ಅಡ್ಡಕ್ಕೂ ಉದ್ದಕ್ಕೂ ತಿರುಗುವ ಚಕ್ರ ಗರಗಸ. ದಿಮ್ಮಿ ಎಷ್ಟೇ ದೊಡ್ಡದಿರಲಿ, ಅದನ್ನು ಎತ್ತಬೇಕಿಲ್ಲ, ಬಿದ್ದಲ್ಲೇ ಅದರ ಸುತ್ತ ಯಂತ್ರ ಜೋಡಿಸಬಹುದು. ಮೂರನೆಯದು ಹಳಿಯ ಮೇಲೆ ಓಡುವ ಪಟ್ಟಿ ಗರಗಸ. ಅಮೆರಿಕದಲ್ಲಿ 1982ರಲ್ಲಿ ಶುರುವಾದ ವುಡ್‌ಮೈಜರ್ ಕಂಪನಿ ಇದರಲ್ಲಿ ಪ್ರಸಿದ್ಧ.

ವ್ಯತ್ಯಾಸ ತಿಳಿಯಬೇಕಾದರೆ ನೆಲಕ್ಕೆ ಬಿದ್ದ ಹೊಟ್ಟನ್ನು ನೋಡಬೇಕು. ಚೈನ್ ಸಾ ಪ್ರತಿ ಸಲ ಸುಮಾರು 9 ಮಿಲಿಮೀಟರ್ ಮರ ತಿನ್ನುತ್ತದೆ, ಚಕ್ರ 5ರ ಆಸುಪಾಸು, ಪಟ್ಟಿ 2ರ ಆಸುಪಾಸು. ಒಂದು ದಿಮ್ಮಿಯಿಂದ 25 ಮಿಲಿಮೀಟರಿನ 12 ಹಲಗೆ ತೆಗೆಯಲು ನಡುವೆ 11 ಕೊಯ್ತ ಬೇಕು. ಚೈನ್ ಸಾಯಲ್ಲಿ 99 ಮಿಲಿಮೀಟರ್, ಅಂದರೆ ಹತ್ತಿರ ಹತ್ತಿರ ನಾಲ್ಕು ಹಲಗೆ, ಹೊಟ್ಟಾಗಿ ಹೋಯಿತು. ಪಟ್ಟಿಯಲ್ಲಿ ಹೋಗುವುದು 22, ಒಂದು ಹಲಗೆಗಿಂತ ಕಡಿಮೆ. ಹಾಗಾದರೆ ಪಟ್ಟಿಯೇ ವಾಸಿಯೆಂದು ಅಂಗಡಿಯವನು ಹೇಳಬಹುದು. ಆದರೆ ನಮ್ಮ ಬೀದಿಯ ಮರಗಳ ಮೈತುಂಬ ಮೊಳೆ! ಟ್ಯೂಷನ್ ಬೋರ್ಡು, ಕೇಬಲ್ ತಂತಿ, ಪೇಯಿಂಗ್ ಗೆಸ್ಟ್ ಜಾಹೀರಾತು. ವರ್ಷಗಳು ಕಳೆದಂತೆ ತೊಗಟೆ ಅವನ್ನು ನುಂಗಿರುತ್ತದೆ. ತೆಳು ಪಟ್ಟಿಗೆ ಒಂದು ಮೊಳೆ ಸಿಕ್ಕಿದರೆ ಸಾಕು, ಹಲ್ಲು ಹೋಯಿತು. ಚೈನ್ ಸಾಯ ಹಲ್ಲೂ ಮುರಿಯುತ್ತದೆ, ಆದರೆ ಅರ ಹಿಡಿದು ಅಲ್ಲೇ ಮಸೆದುಕೊಳ್ಳಬಹುದು. ಹಳೆಯ ಆರಾಕಶ್ ಮಾಡುತ್ತಿದ್ದುದೂ ಅದನ್ನೇ.

ಕಮ್ಮನಹಳ್ಳಿಯ ಮನೆಗಳನ್ನೇ ನೋಡೋಣ. ದಂಡಿನ ಅಂಚಿನ ಈ ಹಳ್ಳಿ ನಮ್ಮ ಕಣ್ಣೆದುರೇ ಊರಾಗಿ ಬೆಳೆಯಿತು. ಮತ್ತಿ, ಹೊನ್ನೆ, ತೇಗ ಕೈಗೆಟುಕದಾದಾಗ ಬಾಗಿಲ ಚೌಕಟ್ಟಿಗೆ ಮಲೇಶಿಯಾ ಸಾಲ್ ಬಂತು, ಬಾಗಿಲಿಗೆ ಬರ್ಮಾ ತೇಗ. 2014ರ ಏಪ್ರಿಲ್‌ನಿಂದ ಮ್ಯಾನ್ಮಾರ್ ದಿಮ್ಮಿಯ ರಫ್ತನ್ನು ನಿಲ್ಲಿಸಿದಾಗ ಆಫ್ರಿಕದ ತೇಗದ ಹೆಸರು ಬಡಗಿಗಳ ಬಾಯಲ್ಲಿ ಹೆಚ್ಚಾಯಿತು. ಹೀಗೆ ಬಾಗಿಲು ಸಮುದ್ರ ದಾಟಿ ಬರುತ್ತಿರುವಾಗ, ಬಾಗಿಲೆದುರು ಬಿದ್ದ ಮಳೆಮರ ಸೌದೆಗೆ ಹೋಗುತ್ತದೆ. ಮಳೆಮರವೂ ಪರದೇಶಿಯೇ, ಅಮೆರಿಕ ಖಂಡದ ಕಡೆಯಿಂದ ಬಂದದ್ದು. ಥಾಯ್ಲೆಂಡ್, ಫಿಲಿಪ್ಪೀನ್ಸ್‌ಗಳಲ್ಲಿ ಅದರಿಂದ ಮೇಜು, ಬೋಗುಣಿಗಳನ್ನು ಮಾಡಿ ಮಾರುತ್ತಾರೆ. ಕಂದು ಬಣ್ಣದ ಅದರ ತಿರುಳು ನೋಡಲೂ ಚೆಂದ.

ಈ ತೀರ್ಮಾನ ಯಾವ ಕಚೇರಿಯಲ್ಲೂ ಆಗುವುದಿಲ್ಲ. ಮರ ಬಿದ್ದ ಮೊದಲ ಅರ್ಧ ಗಂಟೆಯಲ್ಲಿ, ರಸ್ತೆಯ ಮೇಲೆಯೇ ಆಗಿಬಿಡುತ್ತದೆ. ವಾಹನಗಳು ಹಾರ್ನ್ ಹೊಡೆಯುತ್ತಿರುತ್ತವೆ, ಕೆಲಸದವರಿಗೆ ಅವಸರ. ಲಾರಿಗೆ ಎತ್ತಲು ಸುಲಭವಾಗಲೆಂದು ಬೊಡ್ಡೆಯನ್ನು ಎರಡು ಮೂರು ಅಡಿಯ ತುಂಡು ಮಾಡುತ್ತಾರೆ. ಎಂಟು ಅಡಿ ಉದ್ದ ಬಿಟ್ಟಿದ್ದರೆ ಅದು ಬಾಗಿಲಿಗೋ ಮಂಚಕ್ಕೋ ಹಲಗೆಯಾದೀತು. ಎರಡು ಅಡಿಯದು ಬೇಕರಿಯ ಒಲೆಗೆ ಅಥವಾ ಮದುವೆ ಬಿರಿಯಾನಿಯ ದೇಗಿನ ಅಡಿಗೆ.