ಅರಿಕುಠಾರದ ಅರಸು, ಕಂಪನಿಯ ಕರಾರು

ಚಾಮರಾಜನಗರದ ಹಳೆಯ ಹೆಸರು ಅರಿಕುಠಾರ. ಅಲ್ಲಿ ಹುಟ್ಟಿದ ತಮ್ಮ ತಂದೆಯ ನೆನಪಿಗೆ ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಊರಿಗೆ ಈಗಿನ ಹೆಸರಿಟ್ಟರು, 1826ರಲ್ಲಿ ಚಾಮರಾಜೇಶ್ವರ ದೇವಾಲಯ ಕಟ್ಟಿಸಿದರು. ಊರಿಗೆ ಹೆಸರಿಡುವುದು, ಗುಡಿ ಕಟ್ಟುವುದು ಅರಸರ ಇಷ್ಟಕ್ಕೆ ಬಿಟ್ಟದ್ದು. ಆದರೆ ಅದೇ ಸೀಮೆಯ ತೆರಕಣಾಂಬಿಯ ಕೋಟೆಯನ್ನೋ ಹರದನಹಳ್ಳಿಯ ಕೋಟೆಯನ್ನೋ ಭದ್ರಪಡಿಸಬೇಕೆ, ಕೆಡವಬೇಕೆ ಎಂದು ತೀರ್ಮಾನಿಸುವ ಅಧಿಕಾರ ಅವರಿಗಿರಲಿಲ್ಲ. ಅವರು ಐದು ವರ್ಷದ ಮಗುವಾಗಿದ್ದಾಗ, 1799ರ ಜುಲೈ 8ರಂದು ಆದ ಸಹಾಯಕ ಸೈನ್ಯದ ಒಪ್ಪಂದ ಅದನ್ನು ಈಸ್ಟ್ ಇಂಡಿಯಾ ಕಂಪನಿಗೆ ಕೊಟ್ಟಿತ್ತು. ಯಾವ ಕೋಟೆ ಉಳಿಯಬೇಕು, ಯಾವುದು ನೆಲಸಮವಾಗಬೇಕು ಎಂಬುದಕ್ಕೆ ಕಂಪನಿಯೊಂದೇ ತೀರ್ಪುಗಾರ. ಖರ್ಚು ಮಾತ್ರ ಇಬ್ಬರಿಗೂ ಸಮಪಾಲು. ಸೈನ್ಯಸಹಾಯಕ್ಕೆಂದು ವರ್ಷಕ್ಕೆ ಏಳು ಲಕ್ಷ ವರಹ ಬೇರೆ. ಶಸ್ತ್ರಮಿತಿಯ ಕಲಮುಗಳೆಲ್ಲ ಈ ಕರಾರಿನಲ್ಲೂ ಮುಂದಿನ ಕರಾರುಗಳಲ್ಲೂ ಇದ್ದವು. ಕೊಟ್ಟ ಮಾತು ನಡೆಯಿತೇ ಎಂದು ಎರಡೂ ಕಡೆಯವರು ನೋಡುವ ಹಕ್ಕೊಂದೇ ಇರಲಿಲ್ಲ. ಮೈಸೂರು ಕೆಟ್ಟದ್ದು ಮಿತಿಯಿಂದಲ್ಲ, ಈ ಹಕ್ಕು ಇಲ್ಲದ್ದರಿಂದ ಎಂಬುದು ನನ್ನ ವಾದ.

ಕಂಪನಿ ಈ ದಾರಿ ಹಿಡಿದದ್ದಕ್ಕೆ ಹಿಂದಿನ ಯುದ್ಧದ ಅನುಭವ ಕಾರಣ. 1790ರಲ್ಲಿ ಕಂಪನಿ, ನಿಜಾಮ, ಮರಾಠರು ಸೇರಿ ಟಿಪ್ಪುವಿನ ವಿರುದ್ಧ ಮೈತ್ರಿಕೂಟ ಕಟ್ಟಿದರು. ಆ ಸೆಪ್ಟೆಂಬರಿನಲ್ಲಿ ಟಿಪ್ಪುವಿನ ದಂಡು ಗಜಲಹಟ್ಟಿ ಕಣಿವೆಯಿಂದ ಸತ್ಯಮಂಗಲದ ಕಡೆಗೆ ಇಳಿಯಿತು. ಈ ಗಡಿನಾಡೇ ರಣದಾರಿಯಾಯಿತು. 1792ರ ಒಪ್ಪಂದದಲ್ಲಿ ಮೂವರೂ ಅರ್ಧ ರಾಜ್ಯವನ್ನು ಹಂಚಿಕೊಂಡರು, 3 ಕೋಟಿ 30 ಲಕ್ಷ ರೂಪಾಯಿ ಕೇಳಿದರು, ಟಿಪ್ಪುವಿನ ಇಬ್ಬರು ಗಂಡುಮಕ್ಕಳನ್ನು ಒತ್ತೆಯಿಟ್ಟುಕೊಂಡರು. ಉಳಿದ ಅರ್ಧ ರಾಜ್ಯದಲ್ಲಿ ಎಷ್ಟು ಫಿರಂಗಿ, ಎಷ್ಟು ಸಿಪಾಯಿಗಳಿರಬೇಕೆಂದು ಮಾತ್ರ ಬರೆಯಲಿಲ್ಲ. ಒತ್ತೆಯಾಳುಗಳು ಹಣಕ್ಕೆ ಜಾಮೀನೇ ಹೊರತು ಶಸ್ತ್ರಕ್ಕಲ್ಲ. 1794ರಲ್ಲಿ ಮಕ್ಕಳು ಹಿಂದಿರುಗಿದರು. ಐದು ವರ್ಷಕ್ಕೆ ಮತ್ತೆ ಯುದ್ಧ. ಇದಾದ ಮೇಲೆ ಕಂಪನಿ ಎಣಿಸುವ ಗೋಜಿಗೇ ಹೋಗದೆ, ತನ್ನ ಪಡೆಯನ್ನೇ ಮೈಸೂರಿನೊಳಗೆ ಇರಿಸಿತು.

ಆಮೇಲೆ ಸಂಖ್ಯೆಗಳೂ ಬಂದವು. 1807ರ ಕರಾರಿನಂತೆ ಮೈಸೂರು ಸದಾ 4,000 ಸವಾರರನ್ನು ಸಾಕಬೇಕಿತ್ತು. ಅವರಲ್ಲಿ ಸುಮಾರು 500 ಮಂದಿ ಸರ್ಕಾರದ ಕುದುರೆ ಏರುವ ಬಾರ್ಗೀರರು, ಉಳಿದವರು ಸ್ವಂತ ಕುದುರೆ ತರುವ ಸಿಲ್ಲೇದಾರರು. ಇದು ಕನಿಷ್ಠ ಮಿತಿ. 1831ರಲ್ಲಿ ವಹಿಸಿಕೊಂಡ ರಾಜ್ಯವನ್ನು 1881ರಲ್ಲಿ ಒಡೆಯರಿಗೆ ಹಿಂದಿರುಗಿಸಿದ ಪತ್ರದಲ್ಲಿ ಇದು ತಿರುಗಿತು: ಸೈನ್ಯ ಗವರ್ನರ್ ಜನರಲ್ ಗೊತ್ತುಮಾಡಿದ ಸಂಖ್ಯೆ ಮೀರಬಾರದು, ಅನುಮತಿಯಿಲ್ಲದೆ ಹೊಸ ಕೋಟೆ ಕಟ್ಟಬಾರದು, ಹಳೆಯದನ್ನು ದುರಸ್ತಿ ಮಾಡಬಾರದು, ಆಯುಧ ತರಿಸಬಾರದು. ಕಂಪನಿಗೆ ಕುದುರೆ ಬೇಕಾದಾಗ ಇಷ್ಟಕ್ಕಿಂತ ಕಡಿಮೆ ಬೇಡ. ಸಾಮ್ರಾಜ್ಯಕ್ಕೆ ಭಯವಾದಾಗ ಇಷ್ಟಕ್ಕಿಂತ ಹೆಚ್ಚು ಬೇಡ. 1918ರಲ್ಲಿ ಹೈಫಾದಲ್ಲಿ ಮೈಸೂರು ಲ್ಯಾನ್ಸರ್ಸ್ ಕಾದಿದ್ದೂ ಸಾಮ್ರಾಜ್ಯದ ಅಗತ್ಯಕ್ಕೇ.

ಇದು ಬರೀ ವಸಾಹತು ದಬ್ಬಾಳಿಕೆ, ಇದಕ್ಕೆ ಇಂದಿನ ಶಸ್ತ್ರನಿಯಂತ್ರಣದ ಅಳತೆಗೋಲು ಹಿಡಿಯುವುದು ಸರಿಯಲ್ಲ ಎನ್ನಬಹುದು. ದಬ್ಬಾಳಿಕೆ ಎಂಬುದು ನಿಜ. ಆದರೆ ಅದು ಎಲ್ಲಿ ಅಡಗಿತ್ತೆಂದು ತೋರಿಸಲು ಹೋಲಿಕೆ ಬೇಕು. 1990ರ ನವೆಂಬರ್ 19ರಂದು ಪ್ಯಾರಿಸ್ಸಿನಲ್ಲಿ ನ್ಯಾಟೊ ಮತ್ತು ವಾರ್ಸಾ ಕೂಟದ ದೇಶಗಳು ಸಹಿ ಮಾಡಿದ ಒಪ್ಪಂದವೂ ಎಣಿಕೆಯದೇ: ಯುರೋಪಿನಲ್ಲಿ ಪ್ರತಿ ಕಡೆಗೆ 20,000 ಟ್ಯಾಂಕು, 20,000 ಫಿರಂಗಿ, 6,800 ಯುದ್ಧವಿಮಾನ. ಆದರೆ ಅಲ್ಲಿ ಪ್ರತಿ ಕಡೆಯವರೂ ಎದುರಾಳಿಯ ಶಿಬಿರಕ್ಕೆ ಹೋಗಿ ಎಣಿಸಬಹುದಿತ್ತು, ತಮ್ಮ ಶಿಬಿರದ ಬಾಗಿಲನ್ನೂ ತೆರೆಯಬೇಕಿತ್ತು. ತನ್ನ ಸದಸ್ಯರ ತಪಾಸಣೆಗಳನ್ನು ಹೊಂದಿಸಲು ನ್ಯಾಟೊ ಒಂದು ಸಮಿತಿಯನ್ನೇ ಇಟ್ಟಿತು. ಅದೂ ಮುರಿಯಲಿಲ್ಲವೇ? ಮುರಿಯಿತು. ರಷ್ಯಾ 2007ರಲ್ಲಿ ಪಾಲನೆ ನಿಲ್ಲಿಸಿತು, 2023ರಲ್ಲಿ ಹೊರನಡೆಯಿತು. ಆದರೆ ಅದು ನಡೆದಷ್ಟು ಕಾಲ ಒಬ್ಬರ ಲೆಕ್ಕವನ್ನು ಇನ್ನೊಬ್ಬರು ಪರೀಕ್ಷಿಸಬಹುದಿತ್ತು. ಬೆಂಗಳೂರಿನ ದಂಡಿನಲ್ಲಿ ಕಂಪನಿಯ ಪಡೆ ಎಷ್ಟಿದೆ ಎಂದು ತಪಾಸಣೆ ಮಾಡುವ ಹಕ್ಕು ಮೈಸೂರಿಗೆ ಯಾವ ಕಲಮಿನಲ್ಲೂ ಇರಲಿಲ್ಲ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಶಾಂತಿಯದು. 1803ರಲ್ಲಿ ವಯನಾಡು ಕಂಪನಿಗೆ ಹೋಗಿ, ಬದಲಿಗೆ ಹೊಳಲ್ಕೆರೆ, ಮಾಯಕೊಂಡ, ಹರಿಹರ ಮೈಸೂರಿಗೆ ಬಂದ ಮೇಲೆ ಗುಂಡ್ಲುಪೇಟೆ ಕಡೆಯ ಗಡಿ ನಿಂತಿತು. ಗಜಲಹಟ್ಟಿಯಿಂದ ಅರಸರ ದಂಡುಗಳು ಮತ್ತೆ ಇಳಿಯಲಿಲ್ಲ. ಹೊಲ ಉಳುವವನಿಗೆ ಇದು ಸಣ್ಣ ಲಾಭವಲ್ಲ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ 1799ರ ಕರಾರಿನ ನಾಲ್ಕನೆಯ ಕಲಮು, ಹಣ ತಪ್ಪುವ ಅನುಮಾನ ಬಂದರೂ ಆಡಳಿತ ವಹಿಸಿಕೊಳ್ಳಲು ಕಂಪನಿಗೆ ಅವಕಾಶ ಕೊಟ್ಟಿತ್ತು. ನಗರ ಸೀಮೆಯ ದಂಗೆಯ ನಂತರ 1831ರಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಅದನ್ನೇ ಬಳಸಿದ. ದಂಗೆಗೆ ಕಾರಣವೇನೆಂದು ತನಿಖೆ ಮಾಡಿದ ಸಮಿತಿ ವರದಿ ಕೊಟ್ಟದ್ದು 1833ರಲ್ಲಿ, ರಾಜ್ಯ ಕೈಬಿಟ್ಟುಹೋದ ಮೇಲೆ. ತೀರ್ಪು ಮೊದಲು, ತಪಾಸಣೆ ಆಮೇಲೆ. ಕೃಷ್ಣರಾಜ ಒಡೆಯರು ಕೇಳಿಕೊಂಡದ್ದೆಲ್ಲ ಮನವಿಪತ್ರಗಳಾಗಿ ಕಲ್ಕತ್ತೆಗೂ ಲಂಡನ್ನಿಗೂ ಹೋಯಿತು. 1868ರಲ್ಲಿ ಅವರು ತೀರಿಕೊಂಡಾಗಲೂ ಆಡಳಿತ ಕಮಿಷನರ ಕೈಯಲ್ಲೇ ಇತ್ತು.