ಶುಭಸಂದೇಶದ ಅಧ್ಯಯನ: ಪ್ರಬೋಧನೆಯ ಬುನಾದಿ

ನೂರು ವರ್ಷಗಳಿಂದ ಈ ದೇವಾಲಯದಲ್ಲಿ ಭಾನುವಾರ ತಪ್ಪದೆ ದೇವರ ವಾಕ್ಯವು ಸಾರಲ್ಪಟ್ಟಿದೆ. ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ, ಪ್ರಬೋಧನೆಯ ಹಿಂದಿರುವ ಅಧ್ಯಯನದ ಪರಂಪರೆಯನ್ನು ಸ್ಮರಿಸುವುದು ಉಚಿತವೆಂದು ಭಾವಿಸುತ್ತೇನೆ.

ನಾಲ್ಕನೆಯ ಶತಮಾನದಲ್ಲಿ ಅಂತಿಯೋಕ್ಯದ ಗುರುಗಳಾಗಿದ್ದ ಸಂತ ಯೊವಾನ್ನ ಕ್ರಿಸೋಸ್ತೋಮರು, ಸಂತ ಮತ್ತಾಯರ ಶುಭಸಂದೇಶವನ್ನು 90 ಪ್ರಬೋಧನೆಗಳಲ್ಲಿ ಆದ್ಯಂತವಾಗಿ ವಿವರಿಸಿದರು. ಸಂತ ಅಗಸ್ಟೀನರು ಕ್ರೈಸ್ತ ಬೋಧನೆಯನ್ನು ಕುರಿತ ತಮ್ಮ ಗ್ರಂಥವನ್ನು ಸುಮಾರು 396ರಲ್ಲಿ ಆರಂಭಿಸಿ, 30 ವರ್ಷಗಳ ತರುವಾಯ ಪೂರ್ಣಗೊಳಿಸಿದರು. ಅದರ ನಾಲ್ಕು ಭಾಗಗಳಲ್ಲಿ ಮೂರು ಪವಿತ್ರ ಗ್ರಂಥವನ್ನು ಅರಿಯುವ ಬಗೆಗೆ, ಕೊನೆಯದೊಂದು ಮಾತ್ರ ಅರಿತುದನ್ನು ನುಡಿಯುವ ಬಗೆಗೆ ಮೀಸಲು. ಈ ಪ್ರಮಾಣವೇ ಬೋಧಕರಿಗೆ ದೊಡ್ಡ ಪಾಠ.

ಕಾಲಾಂತರದಲ್ಲಿ ಅನೇಕ ಕಡೆ ಬೋಧನೆಯ ಕಾರ್ಯವು ಸೊರಗಿತು. 1546ರಲ್ಲಿ ಟ್ರೆಂಟ್ ಮಹಾಸಭೆಯು, ಧರ್ಮಕೇಂದ್ರದ ಗುರುಗಳು ಭಾನುವಾರ ಹಾಗೂ ಮಹೋತ್ಸವಗಳಂದಾದರೂ ಬೋಧಿಸಲೇಬೇಕೆಂದು ವಿಧಿಸಿತು. 1963ರಲ್ಲಿ ಎರಡನೆಯ ವ್ಯಾಟಿಕನ್ ಮಹಾಸಭೆಯು ಪ್ರಬೋಧನೆಯನ್ನು ದೈವಾರಾಧನೆಯ ಅಂಗವೆಂದೇ ಸಾರಿತು. 1965ರಲ್ಲಿ ಗುರುಗಳೆಲ್ಲರಿಗೂ ಪವಿತ್ರ ಗ್ರಂಥದ ನಿರಂತರ ವಾಚನ, ಅಧ್ಯಯನಗಳನ್ನು ಕರ್ತವ್ಯವಾಗಿ ವಿಧಿಸಿತು. 1969ರ ಹೊಸ ವಾಚನಕ್ರಮದಿಂದ ಮೂರು ವರ್ಷಗಳ ಆವರ್ತನವು ಜಾರಿಗೆ ಬಂದು, ಮತ್ತಾಯ, ಮಾರ್ಕ, ಲೂಕರಿಗೆ ಒಂದೊಂದು ವರ್ಷವು ಮೀಸಲಾಯಿತು.

ಅಧ್ಯಯನವೆಂದರೇನು? ದಯಾಳು ಸಮಾರಿಯದವನ ಸಾಮತಿಯನ್ನೇ ನೋಡೋಣ. ಗಾಯಗೊಂಡವನು ಆದಾಮ, ಸಮಾರಿಯದವನು ಕ್ರಿಸ್ತ, ಛತ್ರವು ಧರ್ಮಸಭೆ ಎಂದು ಸಂತ ಅಗಸ್ಟೀನರು ಅರ್ಥೈಸಿದರು. ಆ ಅರ್ಥವು ಭಕ್ತಿಪೋಷಕವೇ ಸರಿ. ಆದರೆ ಯೆಹೂದ್ಯರಿಗೂ ಸಮಾರಿಯದವರಿಗೂ ಇದ್ದ ಹಗೆತನವನ್ನು ಅರಿತು ಓದಿದಾಗ ಸಾಮತಿಯ ಮೊನೆ ನಮಗೂ ತಾಗುತ್ತದೆ. ನನ್ನ ನೆರೆಯವನು ಯಾರೆಂದು ಧರ್ಮಶಾಸ್ತ್ರಿ ಕೇಳಿದ. ಗಾಯಗೊಂಡವನಿಗೆ ನೆರೆಯವನಾದವನು ಯಾರೆಂದು ಯೇಸುಸ್ವಾಮಿ ಮರುಪ್ರಶ್ನಿಸಿದರು. ಜಾತಿ ಕೇಳಿ ಕೈನೀಡುವವರಿಗೆ ಇದಕ್ಕಿಂತ ಹರಿತವಾದ ಪ್ರಶ್ನೆ ಬೇರೊಂದಿಲ್ಲ.

ಹಿಂದಿನ ಕ್ರಮದಲ್ಲಿ ಪ್ರತಿವರ್ಷವೂ ಭಾನುವಾರದ ಪೂಜೆಯಲ್ಲಿ ಬರುತ್ತಿದ್ದ ಈ ಸಾಮತಿಯು ಈಗ ಬರುವುದು ಮೂರು ವರ್ಷಗಳಿಗೊಮ್ಮೆ. ಅಂದು ಗುರುವು ಸಿದ್ಧತೆಯಿಲ್ಲದೆ ನಿಂತರೆ, ಹಸಿದು ಬಂದ ಜನರು ಹಸಿದೇ ಮರಳುವರು. ಇನ್ನೊಂದು ಅವಕಾಶಕ್ಕೆ ಮೂರು ವರ್ಷ ಕಾಯಬೇಕು. ಆದುದರಿಂದಲೇ ಪೋಪ್ ಫ್ರಾನ್ಸಿಸರು 2013ರಲ್ಲಿ, ಕೆಲಸದ ಒತ್ತಡ ಎಷ್ಟಿದ್ದರೂ ಪ್ರಬೋಧನೆಯ ಸಿದ್ಧತೆಗೆ ದೀರ್ಘ ಸಮಯವನ್ನು ಮುಡಿಪಾಗಿಡಬೇಕೆಂದು ಗುರುಗಳನ್ನು ಒತ್ತಾಯಿಸಿದರು.

ಪ್ರಿಯ ಭಕ್ತಾದಿಗಳೇ, ಈ ಸಿದ್ಧತೆಯಲ್ಲಿ ನಿಮಗೂ ಪಾಲುಂಟು. ಶನಿವಾರ ಸಂಜೆ ಕುಟುಂಬ ಪ್ರಾರ್ಥನೆಯ ವೇಳೆ ಮರುದಿನದ ಶುಭಸಂದೇಶವನ್ನು ಒಮ್ಮೆ ಓದಿರಿ. ಉತ್ತ ಹೊಲದಲ್ಲಿ ಬಿದ್ದ ಬೀಜವು ವ್ಯರ್ಥವಾಗದು.