ಅಲೆಕ್ಸಾಂಡರ್ ನೆವ್ಸ್ಕಿ ಕೆಥೀಡ್ರಲ್, ವಾರ್ಸಾ

ಪೋಲೆಂಡಿನ ರಾಜಧಾನಿ ವಾರ್ಸಾದ ಹೃದಯಭಾಗದಲ್ಲಿ, ಸ್ಯಾಕ್ಸನ್ ಚೌಕದಲ್ಲಿ (ಇಂದಿನ ಪಿಲ್ಸುಡ್ಸ್ಕಿ ಚೌಕ) ಇದ್ದ ರಷ್ಯನ್ ಆರ್ಥೊಡಾಕ್ಸ್ ಪ್ರಧಾನ ಚರ್ಚು. 1894ರಲ್ಲಿ ಕಟ್ಟಲು ತೊಡಗಿ 1912ರಲ್ಲಿ ಪೂಜೆಗೆ ತೆರೆಯಲಾಯಿತು. 1926ರ ಹೊತ್ತಿಗೆ ಪೂರ್ತಿಯಾಗಿ ಕೆಡವಲಾಯಿತು.

ಹಿನ್ನೆಲೆ: 18ನೆಯ ಶತಮಾನದ ಕೊನೆಯಲ್ಲಿ ರಷ್ಯ, ಪ್ರಷ್ಯ ಮತ್ತು ಆಸ್ಟ್ರಿಯ ಪೋಲೆಂಡನ್ನು ಹಂಚಿಕೊಂಡವು. 1815ರಲ್ಲಿ ವಾರ್ಸಾ ರಷ್ಯದ ಜಾರ್ ದೊರೆಗಳ ಆಳ್ವಿಕೆಗೆ ಬಂತು. 1830 ಮತ್ತು 1863ರ ದಂಗೆಗಳನ್ನು ಹತ್ತಿಕ್ಕಿದ ಮೇಲೆ ಆಡಳಿತ, ಶಾಲೆ ಎಲ್ಲೆಡೆ ರಷ್ಯನ್ ಭಾಷೆಯನ್ನು ಹೇರಲಾಯಿತು. ರಷ್ಯನ್ ಅಧಿಕಾರಿಗಳು, ಸೈನಿಕರು ಹೆಚ್ಚಿದಂತೆ ಅವರಿಗೊಂದು ದೊಡ್ಡ ಚರ್ಚು ಬೇಕೆಂದು ಗವರ್ನರ್ ಜನರಲ್ ಇಯೋಸಿಫ್ ಗುರ್ಕೊ ಪಟ್ಟುಹಿಡಿದ. ಕ್ಯಾಥೊಲಿಕರೇ ಬಹುಸಂಖ್ಯೆಯಲ್ಲಿದ್ದ ನಗರದ ನಟ್ಟನಡುವಿನ ಜಾಗವನ್ನೇ ಆರಿಸಿದ್ದರಲ್ಲಿ ಸಾಮ್ರಾಜ್ಯದ ಅಧಿಕಾರವನ್ನು ಎದ್ದು ಕಾಣಿಸುವ ಉದ್ದೇಶವೂ ಇತ್ತು.

ಕಟ್ಟಡ: ವಾಸ್ತುಶಿಲ್ಪಿ ಲಿಯೊಂಟಿ ಬೆನುವಾ. ಐದು ಗುಮ್ಮಟಗಳ ಚರ್ಚಿನ ಪಕ್ಕದಲ್ಲೇ ಬೇರೆಯಾಗಿ ನಿಂತಿದ್ದ 70 ಮೀಟರ್ ಎತ್ತರದ ಗಂಟೆಗೋಪುರ ಆಗ ನಗರದಲ್ಲೇ ಅತಿ ಎತ್ತರದ್ದು. ಒಳಗೆ ಅಮೃತಶಿಲೆ, ಗ್ರಾನೈಟು, ಜ್ಯಾಸ್ಪರ್ ಕಲ್ಲಿನ ಕಂಬಗಳಿದ್ದವು. ಚಿತ್ರಕಾರ ವಿಕ್ಟರ್ ವಾಸ್ನೆತ್ಸೊವ್ ಮತ್ತಿತರರು ರಚಿಸಿದ ಮೊಸಾಯಿಕ್ ಫಲಕಗಳು ಗೋಡೆಗಳನ್ನು ಅಲಂಕರಿಸಿದ್ದವು.

ಅವಸಾನ: ಮೊದಲ ಮಹಾಯುದ್ಧದ ನಡುವೆ, 1915ರಲ್ಲಿ ರಷ್ಯನ್ನರು ನಗರ ತೊರೆದರು. ಆಕ್ರಮಿಸಿದ ಜರ್ಮನ್ನರು ಚರ್ಚನ್ನು ತಮ್ಮ ಸೈನಿಕರ ಪೂಜೆಗೆ ಬಳಸಿದರು. 1918ರಲ್ಲಿ ಪೋಲೆಂಡ್ ಸ್ವತಂತ್ರವಾದಾಗ ಕಟ್ಟಡದ ಗತಿಯೇನೆಂಬ ಚರ್ಚೆ ಎದ್ದಿತು. ಇದು ದಾಸ್ಯದ ಗುರುತು, ಉಳಿಯಬಾರದು ಎಂಬುದು ಹೆಚ್ಚಿನವರ ನಿಲುವು. ಇದು ದೇವರ ಮನೆ, ಉತ್ಕೃಷ್ಟ ಕಲೆಯ ನೆಲೆ, ಉಳಿಸಿ ಎಂದು ಸೆನೆಟರ್ ವ್ಯಾಚೆಸ್ಲಾವ್ ಬೊಗ್ದನೊವಿಚ್ ಸೆನೆಟ್ಟಿನಲ್ಲಿ ಬೇಡಿಕೊಂಡರು. ಮನವಿ ಫಲಿಸಲಿಲ್ಲ. ಕೆಡವುವ ಖರ್ಚಿಗಾಗಿ ನಗರಾಡಳಿತ ಸಾಲಪತ್ರಗಳನ್ನು ಹೊರಡಿಸಿತು. ದಪ್ಪ ಗೋಡೆಗಳನ್ನು ಸಣ್ಣ ಸಣ್ಣ ಸಿಡಿಮದ್ದುಗಳಿಂದ ಹಂತಹಂತವಾಗಿ ಒಡೆಯಬೇಕಾಯಿತು.

ಉಳಿದವು: ಕೆಲವು ಮೊಸಾಯಿಕ್‌ಗಳು ಇಂದಿನ ಬೆಲಾರೂಸಿನ ಬಾರನೊವಿಚಿ ಪಟ್ಟಣದ ಪೊಕ್ರೊವ್ಸ್ಕಿ ಕೆಥೀಡ್ರಲನ್ನು ಸೇರಿದವು. ಜ್ಯಾಸ್ಪರ್ ಕಂಬಗಳು ಕ್ರಾಕೊವ್‌ನ ವಾವೆಲ್ ಕೆಥೀಡ್ರಲ್‌ನಲ್ಲಿ ಪೋಲಿಷ್ ನಾಯಕ ಪಿಲ್ಸುಡ್ಸ್ಕಿಯ ಸಮಾಧಿಗೃಹದ ಬಾಗಿಲ ಮಂಟಪವನ್ನು ಹೊತ್ತಿವೆ. ಅದೇ ಮಂಟಪಕ್ಕೆ ಆಸ್ಟ್ರಿಯದ ಫಿರಂಗಿಗಳ ಕಂಚನ್ನೂ ಪೊಜ್ನಾನಿನಲ್ಲಿದ್ದ ಪ್ರಷ್ಯದ ನಾಯಕ ಬಿಸ್ಮಾರ್ಕನ ಸ್ಮಾರಕದ ಕಲ್ಲನ್ನೂ ಬಳಸಲಾಗಿದೆ. ದೇಶವನ್ನು ಹಂಚಿಕೊಂಡ ಮೂರೂ ಶಕ್ತಿಗಳ ಅವಶೇಷಗಳು ಹೀಗೆ ಒಂದೆಡೆ ಸೇರಿವೆ.

ಆಳುವವರ ದರ್ಪಕ್ಕಾಗಿ ಎದ್ದ ಕಟ್ಟಡ ಆ ದರ್ಪದ ಮೇಲಿನ ಸಿಟ್ಟಿಗೇ ಬಲಿಯಾಯಿತು. ಪೋಲೆಂಡಿನ ಜನರ ನೋವು ನಿಜವಾದದ್ದು. ಆದರೂ ತಪ್ಪಿಲ್ಲದ ಭಕ್ತರೂ ಕಲಾವಿದರೂ ಅದರೊಂದಿಗೆ ಬೆಲೆ ತೆತ್ತದ್ದು ದೊಡ್ಡ ನಷ್ಟವೇ.